ವಿಮಾನ ಏರುವ ಮೀನುಗಳು

ಕೊಲಂಬೊ ನಗರದ ಉತ್ತರಕ್ಕಿರುವ ಕಟುನಾಯಕ ವಿಮಾನ ನಿಲ್ದಾಣದ ಸರಕು ವಿಭಾಗಕ್ಕೆ ರಾತ್ರಿ ಹೊತ್ತು ಕೆಲವು ವ್ಯಾನುಗಳು ಬಂದು ನಿಲ್ಲುತ್ತವೆ. ಅವುಗಳಿಂದ ಇಳಿಯುವ ಥರ್ಮೋಕೋಲ್ ಪೆಟ್ಟಿಗೆಗಳನ್ನು ಯಾರೂ ಎತ್ತಿ ಒಗೆಯುವುದಿಲ್ಲ. ಒಂದೊಂದು ಪೆಟ್ಟಿಗೆಯೊಳಗೂ ನೀರು ತುಂಬಿದ ಪಾಲಿಥೀನ್ ಚೀಲಗಳಿವೆ. ಒಂದೊಂದು ಚೀಲದಲ್ಲೂ ನೂರಾರು ಜೀವಗಳಿವೆ. ಮರುದಿನ ಸಂಜೆಯ ಹೊತ್ತಿಗೆ ಅವು ಜರ್ಮನಿಯಲ್ಲೋ, ಇಂಗ್ಲೆಂಡಿನಲ್ಲೋ, ಅಮೆರಿಕದಲ್ಲೋ ಯಾರದೋ ಮನೆಯ ಗಾಜಿನ ತೊಟ್ಟಿಗೆ ಹೋಗುವ ದಾರಿಯಲ್ಲಿರುತ್ತವೆ. ಚಹಾ ಮತ್ತು ದಾಲ್ಚಿನ್ನಿಗೆ ಹೆಸರಾದ ಶ್ರೀಲಂಕಾ ದ್ವೀಪದಿಂದ ಹೀಗೆ ಪ್ರತಿ ವಾರ ಹೊರಬೀಳುವ ಸರಕು ಅಲಂಕಾರದ ಮೀನು.

ಈ ಮೀನುಗಳಲ್ಲಿ ಬಹುಪಾಲು ಹುಟ್ಟುವುದು ಹೊಳೆಯಲ್ಲೂ ಅಲ್ಲ, ಸಮುದ್ರದಲ್ಲೂ ಅಲ್ಲ. ತೆಂಗಿನ ಮರಗಳ ನಡುವಿನ ಸಣ್ಣ ಮನೆಗಳ ಹಿತ್ತಲಲ್ಲಿ. ರಫ್ತು ಮಾಡುವ ಕಂಪೆನಿಗಳಿಗೆ ತಮ್ಮದೇ ದೊಡ್ಡ ಸಾಕಣೆ ಕೇಂದ್ರಗಳಿದ್ದರೂ, ಹಳ್ಳಿಗಳಲ್ಲಿ ಅವರಿಗಾಗಿ ಮೀನು ಬೆಳೆದುಕೊಡುವ ಕುಟುಂಬಗಳು ಬಹಳ. ನಮ್ಮಲ್ಲಿ ರೇಷ್ಮೆ ಹುಳು ಸಾಕಿ ಗೂಡು ಮಾರುವ ಮನೆಗಳಿರುವಂತೆಯೇ ಇದು. ಮನೆಯವರೆಲ್ಲ ದುಡಿಯಬೇಕು, ಹೊತ್ತಿಗೆ ಸರಿಯಾಗಿ ಆಹಾರ ಹಾಕಬೇಕು, ಕಾಯಿಲೆ ಬಂದರೆ ತಿಂಗಳ ಶ್ರಮ ಒಂದೇ ರಾತ್ರಿಯಲ್ಲಿ ಹೋಗುತ್ತದೆ.

ಗಂಪಹ ಜಿಲ್ಲೆಯ ಅಂಥದೊಂದು ಮನೆ. ಹಿತ್ತಲಲ್ಲಿ ಎಂಟು ಸಿಮೆಂಟು ತೊಟ್ಟಿ, ಒಂದು ಬಾವಿ, ಮೇಲೆ ಹಸಿರು ನೆರಳುಬಲೆ. ಅಪ್ಪ ಉಡುಪು ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕಾವಲುಗಾರ. ತೊಟ್ಟಿಗಳ ಯಜಮಾನಿಕೆ ಅಮ್ಮನದು. ಹತ್ತನೇ ತರಗತಿಯ ಮಗ, ಐದನೆಯ ತರಗತಿಯ ಮಗಳು ಅವಳ ಸಹಾಯಕರು. ಸಿಂಹಳದಲ್ಲೂ ತಾಯಿ ‘ಅಮ್ಮಾ’ಳೇ, ಹಿರಿಯ ಸೋದರಿ ‘ಅಕ್ಕಾ’ಳೇ. ಮಗನನ್ನು ಮಾತ್ರ ‘ಪುತಾ’ ಎಂದು ಕರೆಯುತ್ತಾರೆ.

ಅವರು ಬೆಳೆಯುವುದು ಗಪ್ಪಿ. ಶ್ರೀಲಂಕಾದಿಂದ ಹೋಗುವ ಸಿಹಿನೀರಿನ ಮೀನುಗಳಲ್ಲಿ ಸಿಂಹಪಾಲು ಇದರದೇ.

ಗಪ್ಪಿ ಎಂಬ ಪ್ರಯಾಣಿಕ

ಗಪ್ಪಿಯ ತವರು ಲಂಕೆಯಲ್ಲ. ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಅದರ ಪಕ್ಕದ ಟ್ರಿನಿಡಾಡ್ ದ್ವೀಪ. 1866ರಲ್ಲಿ ಟ್ರಿನಿಡಾಡಿನಲ್ಲಿದ್ದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಎಂಬವರು ಇದರ ಮಾದರಿಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕಳಿಸಿದರು. ಅಲ್ಲಿನ ಮತ್ಸ್ಯತಜ್ಞ ಗುಂಥರ್ ಕಳಿಸಿದವರ ಹೆಸರನ್ನೇ ಮೀನಿಗಿಟ್ಟರು. ಅದಕ್ಕೂ ಮೊದಲೇ ಬೇರೊಬ್ಬರು ಈ ಮೀನನ್ನು ವರ್ಣಿಸಿದ್ದರೆಂದು ತಿಳಿದ ಮೇಲೆ ಶಾಸ್ತ್ರೀಯ ಹೆಸರು ಬದಲಾಯಿತು. ಜನರ ಬಾಯಲ್ಲಿ ಮಾತ್ರ ಗಪ್ಪಿ ಗಪ್ಪಿಯಾಗಿಯೇ ಉಳಿಯಿತು. ಸೊಳ್ಳೆಯ ಮರಿಗಳನ್ನು ತಿನ್ನುತ್ತದೆಂದು ಅದನ್ನು ಉಷ್ಣವಲಯದ ಎಷ್ಟೋ ದೇಶಗಳಿಗೆ ಒಯ್ದು ಬಿಟ್ಟರು. ಕರ್ನಾಟಕದ ಹಳ್ಳಿಗಳ ಬಾವಿಗಳಲ್ಲೂ ಮಲೇರಿಯಾ ತಡೆಗೆ ಗಪ್ಪಿಯನ್ನು ಬಿಟ್ಟದ್ದುಂಟು.

ಗಂಡು ಗಪ್ಪಿ ಸುಮಾರು ಮೂರು ಸೆಂಟಿಮೀಟರು ಉದ್ದ. ಬೀಸಣಿಗೆಯಂಥ ಬಾಲ, ಕಣ್ಣು ಕುಕ್ಕುವ ಬಣ್ಣ. ಹೆಣ್ಣು ಅದಕ್ಕಿಂತ ದೊಡ್ಡದು, ಆದರೆ ಬಣ್ಣ ಮಂಕು. ಈ ಮೀನು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಮೊಟ್ಟೆಗಳು ತಾಯಿಯ ದೇಹದೊಳಗೇ ಬೆಳೆದು, ಮೂರು ನಾಲ್ಕು ವಾರಗಳಲ್ಲಿ ಈಜಬಲ್ಲ ಮರಿಗಳಾಗಿ ಹೊರಬರುತ್ತವೆ. ತಾಯಿ ಎನ್ನುವ ಮಮತೆಯೇನೂ ಇಲ್ಲ. ಹಸಿವಾದರೆ ತನ್ನ ಮರಿಯನ್ನೇ ನುಂಗುತ್ತದೆ. ಆದ್ದರಿಂದ ಮರಿ ಹಾಕುವ ತೊಟ್ಟಿಯಲ್ಲಿ ಜಲಸಸ್ಯಗಳ ಮರೆ ಇರಬೇಕು, ಅಥವಾ ಮರಿ ಮಾತ್ರ ನುಸುಳಬಲ್ಲ ಬಲೆ ಇರಬೇಕು.

ಇನ್ನೊಂದು ಗುಣವೂ ಉಂಟು. ಹೆಣ್ಣು ಗಪ್ಪಿ ಒಮ್ಮೆ ಗಂಡಿನೊಡನೆ ಕೂಡಿದರೆ ಸಾಕು, ವೀರ್ಯಾಣುಗಳನ್ನು ದೇಹದಲ್ಲಿ ಉಳಿಸಿಕೊಂಡು ತಿಂಗಳುಗಟ್ಟಲೆ, ಒಂದಾದ ಮೇಲೊಂದು ಸೂಲು ಮರಿ ಹಾಕಬಲ್ಲದು. ಕಾಡಿನ ಹಳ್ಳದಲ್ಲಿ ಇದು ದೊಡ್ಡ ಅನುಕೂಲ. ಒಂದೇ ಒಂದು ಬಸುರಿ ಮೀನು ಪ್ರವಾಹದಲ್ಲಿ ಕೊಚ್ಚಿಹೋಗಿ ಹೊಸ ಮಡು ಸೇರಿದರೂ ಅಲ್ಲೊಂದು ಊರು ಕಟ್ಟಬಲ್ಲದು. ಸಾಕುವವರಿಗೆ ಮಾತ್ರ ಇದೇ ಗುಣ ತಲೆನೋವು.

ಪರದೇಶದ ಕೊಳ್ಳುವವರು ಕೇಳುವುದು ಬರೀ ಗಪ್ಪಿಯನ್ನಲ್ಲ. ಕೆಂಪು ಬಾಲದ್ದು ಬೇಕು, ಹಾವಿನ ಚರ್ಮದಂಥ ಚಿತ್ತಾರವಿರುವ ‘ಕೋಬ್ರಾ’ ಬೇಕು, ಹಿಂದರ್ಧ ಮೈ ಕಪ್ಪಗಿರುವ ‘ಟಕ್ಸಿಡೊ’ ಬೇಕು. ಒಂದು ಚೀಲದಲ್ಲಿರುವ ಮೀನೆಲ್ಲ ಅಚ್ಚು ಹೊಡೆದ ಹಾಗೆ ಒಂದೇ ತರಹ ಇರಬೇಕು. ಹೀಗಿರಬೇಕಾದರೆ ತಳಿ ಬೆರಕೆಯಾಗಬಾರದು. ಮೂರು ನಾಲ್ಕು ವಾರದ ಮರಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಗುರುತಿಸಿ ಬೇರೆ ಬೇರೆ ತೊಟ್ಟಿಗೆ ಹಾಕಬೇಕು. ಹೆಣ್ಣಿಗೆ ಹೊಟ್ಟೆಯ ಹಿಂಭಾಗದಲ್ಲಿ ಒಂದು ಕಪ್ಪು ಮಚ್ಚೆ. ಗಂಡಿಗೆ ಹೊಟ್ಟೆಯ ಕೆಳಗಿನ ಈಜುರೆಕ್ಕೆ ಕಡ್ಡಿಯಂತೆ ಚೂಪಾಗುತ್ತದೆ. ಬಿಳಿಯ ತಟ್ಟೆಯಲ್ಲಿ ನೀರು ಹಾಕಿ, ಸಣ್ಣ ಬಲೆಯಿಂದ ಒಂದೊಂದೇ ಮರಿಯನ್ನು ಎತ್ತಿ ವಿಂಗಡಿಸುವ ಕೆಲಸಕ್ಕೆ ಮಕ್ಕಳ ಕಣ್ಣೇ ಚೆನ್ನ.

‘ಗಂಡು ಬೇರೆ, ಹೆಣ್ಣು ಬೇರೆ’ – ಆ ಮನೆಯಲ್ಲಿ ಇದು ಮಗ್ಗಿಯಷ್ಟೇ ಗಟ್ಟಿಯಾದ ನಿಯಮ. ಅದು ಅಷ್ಟು ಗಟ್ಟಿಯಾದದ್ದಕ್ಕೆ ಒಂದು ಕಾರಣವಿತ್ತು.

ಅಪ್ಪನ ರುಜು

2021ರಲ್ಲಿ ಒಂದು ದಿನ ಮಗ ಬಲೆಯಲ್ಲಿ ಮೀನು ಸಾಗಿಸುವಾಗ ಒಂದು ಕೋಬ್ರಾ ಗಂಡು ಚಂಗನೆ ನೆಗೆದು ಪಕ್ಕದ ತೊಟ್ಟಿಗೆ ಬಿತ್ತು. ಆ ತೊಟ್ಟಿಯಲ್ಲಿದ್ದವು ಮುಂದಿನ ಪೀಳಿಗೆಗೆಂದು ಅಮ್ಮ ಆರಿಸಿಟ್ಟಿದ್ದ ಕೆಂಪು ಬಾಲದ ಹೆಣ್ಣುಗಳು. ಹುಡುಗ ಹೌಹಾರಿ ಅದನ್ನು ಹಿಡಿಯಲು ನೋಡಿದ. ಸಂಜೆಯ ಹೊತ್ತಿಗೆ ಸಿಕ್ಕಿತು. ಸಿಕ್ಕಿತಲ್ಲ, ಇನ್ನೇನು ಎಂದು ಸಮಾಧಾನಪಟ್ಟು ಅಮ್ಮನಿಗೆ ಹೇಳಲಿಲ್ಲ. ಬೈಗುಳದ ಭಯ.

ಮೂರು ತಿಂಗಳಾದ ಮೇಲೆ ಕೆಂಪು ಬಾಲದ ತೊಟ್ಟಿಯ ಗಂಡುಮರಿಗಳು ಬಣ್ಣ ಕಟ್ಟತೊಡಗಿದವು. ಅವುಗಳಲ್ಲಿ ಎಷ್ಟೋ ಮರಿಗಳ ಮೈಮೇಲೆ ಹಾವಿನ ಚರ್ಮದ ಚಿತ್ತಾರ!

ಇದಕ್ಕೆ ವಿಜ್ಞಾನದಲ್ಲಿ ಒಂದು ಹಳೆಯ ಕತೆಯಿದೆ. 1920ರಲ್ಲಿ ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ ಎಂಬ ವಿಜ್ಞಾನಿ ಗಪ್ಪಿಯ ಕೆಲವು ಚುಕ್ಕೆಗಳು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಮಾತ್ರ ಹೋಗುತ್ತವೆ, ತಾಯಿಯ ಕಡೆಯಿಂದ ಬರುವುದೇ ಇಲ್ಲ ಎಂದು ತೋರಿಸಿದರು. ಅದೇ ದೇಶದ ಓಯ್ವಿಂಡ್ ವಿಂಗೆ ಈ ಕೆಲಸವನ್ನು ಮುಂದುವರಿಸಿ, ಆ ಗುಣಗಳು ಗಂಡಿನಲ್ಲಿ ಮಾತ್ರ ಇರುವ ವೈ ವರ್ಣತಂತುವಿನ ಮೇಲಿವೆ ಎಂದು ವಿವರಿಸಿದರು. ಕೋಬ್ರಾ ಚಿತ್ತಾರವೂ ಸಾಮಾನ್ಯವಾಗಿ ಹೀಗೆಯೇ ಇಳಿದುಬರುತ್ತದೆ. ಮಗನ ಮೈಮೇಲೆ ಅಪ್ಪ ಹಾಕಿದ ರುಜು ಎನ್ನಬಹುದು. ಹುಡುಗ ಮುಚ್ಚಿಟ್ಟ ಗುಟ್ಟನ್ನು ಮರಿಗಳೇ ಬಯಲು ಮಾಡಿದ್ದವು.

ಅಮ್ಮ ಹೊಡೆಯಲಿಲ್ಲ. ಆ ಮರಿಗಳನ್ನು ಬಿಳಿ ತಟ್ಟೆಗೆ ಹಾಕಿ ಅವನ ಮುಂದಿಟ್ಟು, ‘ಇದು ಹೇಗೆ ಬಂತು ಪುತಾ?’ ಎಂದಷ್ಟೇ ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ‘ಅವತ್ತೇ ಹೇಳಿದ್ದರೆ ಆ ಹೆಣ್ಣುಗಳನ್ನು ಬೇರೆ ಇಟ್ಟು, ಹೊಸ ಹೆಣ್ಣುಗಳನ್ನು ಆರಿಸುತ್ತಿದ್ದೆ. ಒಂದು ತೊಟ್ಟಿ ಹೋಗುತ್ತಿತ್ತು. ಈಗ ಮೂರು ತಿಂಗಳು ಹೋಯಿತು’ ಎಂದಳು. ಮೀನು ನೆಗೆದದ್ದು ಯಾರ ಕೈಯಿಂದಲಾದರೂ ಆಗಬಹುದಾದ ಅಚಾತುರ್ಯ. ನಷ್ಟವಾದದ್ದು ಮೂರು ತಿಂಗಳ ಮೌನದಿಂದ. ಆ ಮರಿಗಳು ಬೆರಕೆ ಮೀನುಗಳ ಬೆಲೆಗೆ ಹೋದವು. ಹುಡುಗ ಅಂದಿನಿಂದ ನಿಯಮವನ್ನು ಜಪದಂತೆ ಹಿಡಿದ.

ಚೀಲದೊಳಗಿನ ಲೆಕ್ಕ

ಮೀನು ಬೆಳೆಸುವುದು ಒಂದು ವಿದ್ಯೆಯಾದರೆ, ಅದನ್ನು ಜೀವಂತವಾಗಿ ಏಳೆಂಟು ಸಾವಿರ ಕಿಲೋಮೀಟರು ದಾಟಿಸುವುದು ಇನ್ನೊಂದು ವಿದ್ಯೆ. ಚೀಲ ಕಟ್ಟುವ ಒಂದೆರಡು ದಿನ ಮೊದಲೇ ಮೀನುಗಳಿಗೆ ಉಪವಾಸ. ಕೇಳಿದರೆ ಕ್ರೂರವೆನಿಸುತ್ತದೆ, ಆದರೆ ಅದು ಅವುಗಳ ಪ್ರಾಣ ಉಳಿಸುವ ಉಪಾಯ. ಹೊಟ್ಟೆಯಲ್ಲಿ ಆಹಾರವಿದ್ದರೆ ಚೀಲದಲ್ಲಿ ಮಲ ಸೇರುತ್ತದೆ, ಅಮೋನಿಯ ಹೆಚ್ಚುತ್ತದೆ. ಮೀನಿನ ಕಶ್ಮಲದಲ್ಲಿ ಹೆಚ್ಚಿನ ಪಾಲು ಕಿವಿರುಗಳ ಮೂಲಕ ಅಮೋನಿಯದ ರೂಪದಲ್ಲೇ ಹೊರಬೀಳುತ್ತದೆ. ಕೆರೆಯಲ್ಲಿ ಅದು ಕರಗಿ ಹಂಚಿಹೋಗುತ್ತದೆ, ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್, ನೈಟ್ರೇಟುಗಳಾಗಿ ಬದಲಿಸುತ್ತವೆ. ಚೀಲದಲ್ಲಿ ಈ ವ್ಯವಸ್ಥೆ ಇಲ್ಲ.

ಚೀಲದ ಮೂರನೇ ಒಂದು ಭಾಗ ನೀರು, ಮಿಕ್ಕಿದ್ದು ಶುದ್ಧ ಆಮ್ಲಜನಕ. ಒಂದರೊಳಗೊಂದು ಎರಡು ಚೀಲ. ಬಾಯಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡು. ಹೊರಗೆ ಬಿಸಿಲಿರಲಿ, ಹಿಮ ಬೀಳಲಿ, ಒಳಗಿನ ನೀರಿಗೆ ಅದರ ತಾಪ ತಟ್ಟದಂತೆ ಥರ್ಮೋಕೋಲ್ ಪೆಟ್ಟಿಗೆ.

ಇಲ್ಲೊಂದು ಸ್ವಾರಸ್ಯದ ರಸಾಯನ ವಿಜ್ಞಾನವಿದೆ. ಮೀನುಗಳು ಉಸಿರಾಡಿದಂತೆ ಚೀಲದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗುತ್ತದೆ, ನೀರು ಸ್ವಲ್ಪ ಸ್ವಲ್ಪವೇ ಆಮ್ಲೀಯವಾಗುತ್ತದೆ. ಆಮ್ಲೀಯ ನೀರಿನಲ್ಲಿ ಅಮೋನಿಯದ ಬಹುಪಾಲು ಅಮೋನಿಯಂ ಅಯಾನಾಗಿ ಮಾರ್ಪಡುತ್ತದೆ. ಅದು ಅಷ್ಟು ವಿಷಕಾರಿಯಲ್ಲ. ಅಂದರೆ ಒಂದು ಕಶ್ಮಲ ಇನ್ನೊಂದು ಕಶ್ಮಲದ ವಿಷವನ್ನು ಅಡಗಿಸಿಡುತ್ತದೆ. ಊರು ತಲುಪಿ ಚೀಲ ಬಿಚ್ಚಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ. ಪಿಎಚ್ ಒಂದು ಅಂಶ ಏರಿದರೆ ವಿಷರೂಪದ ಅಮೋನಿಯ ಸುಮಾರು ಹತ್ತು ಪಟ್ಟಾಗುತ್ತದೆ! ದಾರಿಯುದ್ದಕ್ಕೂ ಬದುಕಿದ ಮೀನು ಮನೆ ತಲುಪಿದ ಮೇಲೆ ಸಾಯುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಆದ್ದರಿಂದ ಅನುಭವಿಗಳು ಕಟ್ಟಿದ ಚೀಲವನ್ನು ಕೊಂಚ ಹೊತ್ತು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು ಉಷ್ಣತೆ ಸಮವಾದ ಮೇಲೆ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ತಡಮಾಡದೆ ಮೀನುಗಳನ್ನು ಒಳ್ಳೆಯ ನೀರಿಗೆ ಬಿಡುತ್ತಾರೆ. ಚೀಲದ ಹಳೆಯ ನೀರನ್ನು ತೊಟ್ಟಿಗೆ ಸುರಿಯುವುದಿಲ್ಲ.

ಈ ವ್ಯಾಪಾರದ ಇನ್ನೊಂದು ಕಷ್ಟ, ಸರಕನ್ನು ಗೋದಾಮಿನಲ್ಲಿ ಇಡಲಾಗದು. ವಿಮಾನ ನಿಂತರೆ ವ್ಯಾಪಾರವೂ ನಿಂತಿತು. 2001ರ ಜುಲೈ 24ರಂದು ಕಟುನಾಯಕ ನಿಲ್ದಾಣದ ಮೇಲೆ ಎಲ್‌ಟಿಟಿಇ ದಾಳಿ ಮಾಡಿತು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಯುರೋಪಿನ ಆಕಾಶವನ್ನೇ ಮುಚ್ಚಿಸಿತು. 2020ರಲ್ಲಿ ಕೊರೊನಾ ಬಂತು. ಎಲ್ಲೋ ಉರಿದ ಬೆಟ್ಟದ ಬೂದಿಗೂ ತೆಂಗಿನ ತೋಟದ ಸಿಮೆಂಟು ತೊಟ್ಟಿಗೂ ಸಂಬಂಧವಿದೆ ಎಂದರೆ ಆಶ್ಚರ್ಯ, ಆದರೆ ಇದೆ.

ಕರೆಂಟು ಹೋದ ರಾತ್ರಿ

2022ರ ಮಾರ್ಚ್ ಕೊನೆಯ ವಾರ. ಶ್ರೀಲಂಕಾದ ಬೊಕ್ಕಸದಲ್ಲಿ ವಿದೇಶಿ ಹಣ ಬರಿದಾಗಿತ್ತು. ಡೀಸೆಲ್ ಇಲ್ಲ, ಅಡುಗೆ ಅನಿಲ ಇಲ್ಲ. ಕಾಗದದ ಕೊರತೆಯಿಂದ ಪಶ್ಚಿಮ ಪ್ರಾಂತ್ಯದ ಶಾಲಾ ಪರೀಕ್ಷೆಗಳನ್ನೇ ಮುಂದೂಡಿದ್ದರು. ವಿದ್ಯುತ್ ಕಡಿತ ದಿನಕ್ಕೆ ಹದಿಮೂರು ಗಂಟೆಯವರೆಗೆ ಹೋಗಿತ್ತು.

ಅಂದು ಸಂಜೆ ಕಂಪೆನಿಯ ವ್ಯಾನು ಬರಬೇಕಿತ್ತು. ಬೆಳಿಗ್ಗೆಯೇ ನಾಲ್ಕು ತೊಟ್ಟಿಗಳ ಮೀನು ಹಿಡಿದು ನಾಲ್ಕು ಪ್ಲಾಸ್ಟಿಕ್ ಟಬ್ಬುಗಳಿಗೆ ಹಾಕಿದ್ದರು – ಕೆಂಪು ಬಾಲದ ಗಂಡು, ಕೆಂಪು ಬಾಲದ ಹೆಣ್ಣು, ಕೋಬ್ರಾ ಗಂಡು, ಕೋಬ್ರಾ ಹೆಣ್ಣು. ಖಾಲಿಯಾದ ತೊಟ್ಟಿಗಳನ್ನು ಉಪ್ಪು ಹಾಕಿ ಉಜ್ಜಿ ಬಿಸಿಲಿಗೆ ಒಣಗಲು ಬಿಟ್ಟಿದ್ದರು. ಒತ್ತೊತ್ತಾಗಿ ತುಂಬಿದ ಟಬ್ಬುಗಳಿಗೆ ಗಾಳಿ ಪಂಪಿನ ಕೊಳವೆ ಬಿಟ್ಟಿತ್ತು. ಮಧ್ಯಾಹ್ನ ಕರೆಂಟು ಹೋಯಿತು. ಪಂಪು ನಿಂತಿತು. ಸಂಜೆ ಆರಕ್ಕೆ ಫೋನ್ ಬಂತು: ಡೀಸೆಲ್ ಸಿಕ್ಕಿಲ್ಲ, ವ್ಯಾನು ಇವತ್ತು ಬರುವುದಿಲ್ಲ, ನಾಳೆಯದೂ ಹೇಳಲಾರೆವು.

ಟಬ್ಬುಗಳಲ್ಲಿ ಮೀನುಗಳೆಲ್ಲ ಮೇಲೆ ಬಂದು ನೀರಿನ ಮೇಲ್ಪದರಕ್ಕೆ ಬಾಯಿ ಹಚ್ಚಿ ನಿಂತಿದ್ದವು. ಗಾಳಿಗೆ ತಾಗುವ ಆ ತೆಳು ಪದರದಲ್ಲೇ ಆಮ್ಲಜನಕ ಹೆಚ್ಚು. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಸೆಕೆಗಾಲದಲ್ಲಿ ನೀರಿನ ಉಸಿರೇ ಕಡಿಮೆ. ಮೀನಿಗೆ ಬೇಕಾದ ಉಸಿರೋ ಹೆಚ್ಚು.

ಮೀನುಗಳನ್ನು ಎಲ್ಲಾದರೂ ಅಗಲವಾದ ಜಾಗಕ್ಕೆ ಬಿಡಬೇಕಿತ್ತು. ತುಂಬಿದ್ದ ನಾಲ್ಕು ತೊಟ್ಟಿಗಳಲ್ಲಿ ಎರಡರಲ್ಲಿ ತಳಿ ಮೀನು, ಇನ್ನೆರಡರಲ್ಲಿ ಮರಿ. ಮರಿಗಳ ಮೇಲೆ ದೊಡ್ಡ ಮೀನು ಬಿಟ್ಟರೆ ಮರಿ ಉಳಿಯುವುದಿಲ್ಲ. ಒಣಗಿದ ತೊಟ್ಟಿಗೆ ನೀರು ತುಂಬಿಸಲು ಮೋಟಾರಿಗೆ ಕರೆಂಟಿಲ್ಲ. ಉಳಿದದ್ದು ಹಗ್ಗ ಮತ್ತು ಬಕೆಟ್ಟು. ಅಮ್ಮ ಲೆಕ್ಕ ಹಾಕಿದಳು: ಬಾವಿಯಿಂದ ಸೇದಿದರೆ ರಾತ್ರಿಯೊಳಗೆ ಎರಡು ತೊಟ್ಟಿ ಅರ್ಧ ತುಂಬಬಹುದು, ನಾಲ್ಕು ಸಾಧ್ಯವಿಲ್ಲ.

‘ಹಾಗಾದರೆ ಒಂದರಲ್ಲಿ ಗಂಡು, ಒಂದರಲ್ಲಿ ಹೆಣ್ಣು ಬಿಡೋಣ’ ಎಂದ ಮಗ.

‘ಬೇಡ. ಒಂದರಲ್ಲಿ ಕೆಂಪು, ಒಂದರಲ್ಲಿ ಕೋಬ್ರಾ.’

ಹುಡುಗ ಬೆಚ್ಚಿಬಿದ್ದ. ‘ಗಂಡು ಹೆಣ್ಣು ಒಟ್ಟಿಗೆ ಬಿಡುವುದೇ ಅಮ್ಮಾ? ನೀನೇ ಅಲ್ಲವೆ ಬೇಡವೆಂದದ್ದು?’

ಅಮ್ಮ ಬಕೆಟ್ಟು ಇಳಿಬಿಡುತ್ತಲೇ ಹೇಳಿದಳು: ‘ಯಾಕೆ ಬೇಡವೆಂದೆ, ಅದನ್ನು ಯೋಚನೆ ಮಾಡು. ತಳಿ ಬೆರಕೆಯಾಗಬಾರದು ಎಂದು. ಕೆಂಪಿನ ಗಂಡು ಕೆಂಪಿನ ಹೆಣ್ಣಿನ ಜೊತೆ ಇದ್ದರೆ ಯಾವ ತಳಿ ಕೆಡುತ್ತದೆ? ಇವು ಮಾರುವ ಮೀನು. ಅಲ್ಲಿ ಹೋಗಿ ಜೋಡಿಯಾಗುವುದು ಇಲ್ಲೇ ಆಗಲಿ. ಹೆಣ್ಣುಗಳನ್ನೆಲ್ಲ ಒಟ್ಟಿಗೆ ಬಿಟ್ಟರೆ ನಾಳೆ ಯಾವುದು ಕೆಂಪಿನದು, ಯಾವುದು ಕೋಬ್ರಾದ್ದು ಎಂದು ಆ ಮಂಕು ಮೀನುಗಳಲ್ಲಿ ಹೇಗೆ ಆರಿಸುತ್ತೀಯೆ?’

ಸ್ವಲ್ಪ ತಡೆದು ಮತ್ತೆ ಹೇಳಿದಳು: ‘ಕೆಂಪಿನ ಹೆಣ್ಣುಗಳಲ್ಲಿ ಹನ್ನೆರಡು ಒಳ್ಳೆಯವನ್ನು ಮುಂದಿನ ತಳಿಗೆಂದು ನೋಡಿಟ್ಟಿದ್ದೇನೆ. ಅವಕ್ಕೆ ಮಾತ್ರ ಹಳೆಯ ನಿಯಮವೇ. ಅಡುಗೆಮನೆಯ ದೊಡ್ಡ ಪಾತ್ರೆ ತೊಳೆದು ತಾ.’

ನಿಯಮ ಬಾಯಿಪಾಠವಾಗಿದ್ದವನಿಗೆ ಅದರ ಕಾರಣ ಮರೆತುಹೋಗಿತ್ತು. ಅಮ್ಮನಿಗೆ ಕಾರಣ ಗೊತ್ತಿತ್ತು, ಆದ್ದರಿಂದ ನಿಯಮವನ್ನು ಎಲ್ಲಿ ಸಡಿಲಿಸಬಹುದು, ಎಲ್ಲಿ ಕೂಡದು ಎಂಬುದೂ ಗೊತ್ತಿತ್ತು.

ಅಂದು ರಾತ್ರಿ ಅಮ್ಮ ಸೇದಿದಳು, ಮಗ ಹೊತ್ತು ಸುರಿದ. ತಂಗಿ ಟಾರ್ಚು ಹಿಡಿದು, ಇನ್ನೊಂದು ಕೈಯಲ್ಲಿ ಚೊಂಬಿನಿಂದ ಟಬ್ಬಿನ ನೀರನ್ನೇ ಎತ್ತಿ ಎತ್ತಿ ಮೇಲಿನಿಂದ ಹೊಯ್ಯುತ್ತ ಕುಳಿತಳು. ಎತ್ತರದಿಂದ ಬಿದ್ದ ನೀರು ಗಾಳಿಯನ್ನು ಸೆಳೆದುಕೊಂಡು ಒಳಗಿಳಿಯುತ್ತದೆ. ಪಂಪು ಮಾಡುವುದೂ ಇದನ್ನೇ. ಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುತ್ತದೆಂದು ತೊಟ್ಟಿಗೂ ಎತ್ತರದಿಂದಲೇ ಸುರಿಯಬೇಕಾಗಿತ್ತು. ನಡುರಾತ್ರಿ ದಾಟಿದ ಮೇಲೆ ಮೀನುಗಳನ್ನು ಸ್ವಲ್ಪಸ್ವಲ್ಪವಾಗಿ ತೊಟ್ಟಿಗೆ ಬಿಟ್ಟರು. ನೀರಿನಲ್ಲಿ ಆಮ್ಲಜನಕ ತೀರಾ ಇಳಿಯುವುದು ಬೆಳಗಿನ ಜಾವಕ್ಕೆ. ಪಾಚಿಯೂ ಗಿಡವೂ ಬಿಸಿಲಿಲ್ಲದಾಗ ಆಮ್ಲಜನಕ ಕೊಡುವುದಿಲ್ಲ, ತೆಗೆದುಕೊಳ್ಳುತ್ತವೆ. ಆದ್ದರಿಂದ ಸೂರ್ಯ ಮೇಲೇರುವವರೆಗೆ ಯಾರೂ ಮಲಗಲಿಲ್ಲ.

ಬೆಳಗಾದಾಗ ಅಪ್ಪ ಪಾಳಿ ಮುಗಿಸಿ ಬಂದು ನೋಡಿದ. ಅಂಗಳದಲ್ಲಿ ಒಂದು ಮೊರದ ತುಂಬ ಸತ್ತ ಮೀನು. ಹತ್ತಕ್ಕೆ ಒಂದರಷ್ಟು ಹೋಗಿದ್ದವು, ಅದರಲ್ಲೂ ಬಾಲ ಭಾರವಾದ ಗಂಡುಗಳೇ ಹೆಚ್ಚು. ಮಿಕ್ಕವು ತೊಟ್ಟಿಯಲ್ಲಿ ಓಡಾಡುತ್ತಿದ್ದವು. ವ್ಯಾನು ಬಂದದ್ದು ಮೂರನೆಯ ದಿನ. ಅಡುಗೆಮನೆಯ ಪಾತ್ರೆಯ ಹನ್ನೆರಡು ಹೆಣ್ಣುಗಳಲ್ಲಿ ಒಂದೂ ಸತ್ತಿರಲಿಲ್ಲ.

ತವರು ಬಿಟ್ಟವು, ತವರಲ್ಲೇ ಉಳಿದವು

ಸೋಜಿಗವೆಂದರೆ, ದಕ್ಷಿಣ ಅಮೆರಿಕದ ಗಪ್ಪಿ ಲಂಕೆಯ ಹಿತ್ತಲಲ್ಲಿ ಬೆಳೆಯುತ್ತದೆ, ಲಂಕೆಯದೇ ಸುಂದರ ಮೀನುಗಳು ಬೇರೆ ದೇಶಗಳ ತೊಟ್ಟಿಗಳಲ್ಲಿ ಬೆಳೆಯುತ್ತವೆ. ದ್ವೀಪದ ನೈಋತ್ಯದ ಮಳೆಕಾಡಿನ ತಣ್ಣನೆಯ ನೆರಳಿನ ಹಳ್ಳಗಳಲ್ಲಿ ಚೆರ್ರಿ ಬಾರ್ಬ್ ಎಂಬ ಪುಟ್ಟ ಮೀನಿದೆ. 1929ರಲ್ಲಿ ದೆರಣಿಯಗಲ ಎಂಬ ಸಿಂಹಳ ವಿಜ್ಞಾನಿ ಅದನ್ನು ಮೊದಲು ವರ್ಣಿಸಿದರು. ಹೆಣ್ಣನ್ನು ಒಲಿಸುವ ಕಾಲಕ್ಕೆ ಅದರ ಗಂಡು ರಕ್ತಗೆಂಪಾಗುತ್ತದೆ. ಬ್ಲ್ಯಾಕ್ ರೂಬಿ ಬಾರ್ಬ್ ಎಂಬುದು ಇನ್ನೊಂದು. ಅದರ ಗಂಡಿನ ಮುಸುಡಿ ಕೆಂಪಾಗುವುದನ್ನು ಕಂಡು ಹಳ್ಳಿಯವರು ಇಟ್ಟ ಹೆಸರು ‘ಬುಲತ್ ಹಪಯಾ’, ಅಂದರೆ ಎಲೆ ಅಡಿಕೆ ಅಗಿಯುವವನು! ಇವೆರಡೂ 1930ರ ದಶಕದಲ್ಲೇ ಯುರೋಪಿನ ಹವ್ಯಾಸಿಗಳ ಮನೆ ಸೇರಿದ್ದವು. ಇಂದು ಅಂಗಡಿಗಳಲ್ಲಿ ಸಿಗುವ ಚೆರ್ರಿ ಬಾರ್ಬ್‌ಗಳಲ್ಲಿ ಹೆಚ್ಚಿನವು ಕಾಡಿನ ಹಳ್ಳವನ್ನೇ ಕಾಣದ, ಸಾಕುತೊಟ್ಟಿಯಲ್ಲೇ ಹುಟ್ಟಿದ ಮೀನುಗಳು. ಇದು ಹಳ್ಳದ ಮೀನಿಗೆ ಒಳ್ಳೆಯದೇ ಆಯಿತು.

ಲಂಕೆಯ ಸಿಹಿನೀರಿನಲ್ಲಿ ಸುಮಾರು ನೂರು ಜಾತಿಯ ಮೀನುಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. 1991ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಬಂದುಲ ಬಾರ್ಬ್ ಎಂಬ ಮೀನು ಕೇಗಲ್ಲ ಜಿಲ್ಲೆಯ ಗಲಪಿಟಮಡ ಊರಿನ ಬಳಿ ಒಂದೇ ಒಂದು ಹಳ್ಳದಲ್ಲಿ ಸಿಕ್ಕಿತು. ಒಂದು ಹಳ್ಳ ಬತ್ತಿದರೆ, ಅದರ ದಡದ ಗದ್ದೆಗೆ ಔಷಧಿ ಹೊಡೆದರೆ, ಒಂದು ಜಾತಿಯ ಕತೆಯೇ ಮುಗಿದಂತೆ. ಇಂಥ ಮೀನುಗಳನ್ನು ಹಿಡಿದು ಮಾರದಂತೆ ಅಲ್ಲಿ ಕಾನೂನಿದೆ. 1998ರಲ್ಲಿ ಜೀವಂತ ಮೀನುಗಳ ರಫ್ತು ಆಮದಿಗೇ ಪ್ರತ್ಯೇಕ ನಿಯಮಗಳು ಬಂದವು. ಅದೇ ವರ್ಷದ ಇನ್ನೊಂದು ಕಾಯಿದೆಯಿಂದ ರಾಷ್ಟ್ರೀಯ ಜಲಕೃಷಿ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಕುರುನೇಗಲ ಜಿಲ್ಲೆಯ ರಂಬಡಗಲ್ಲದಲ್ಲಿ ಆ ಪ್ರಾಧಿಕಾರಕ್ಕೆ ಅಲಂಕಾರದ ಮೀನು ಸಾಕುವ ಕೇಂದ್ರವೊಂದಿದೆ.

ಸಮುದ್ರದ ಮೀನಿನ ಕತೆಯೇ ಬೇರೆ. ಹವಳದ ಬಂಡೆಗಳ ನಡುವಿನ ಚಿಟ್ಟೆಮೀನು, ದೇವತೆಮೀನುಗಳಲ್ಲಿ ಹೆಚ್ಚಿನವನ್ನು ಇಂದಿಗೂ ಮುಳುಗುಗಾರರು ಹಿಡಿದೇ ತರಬೇಕು. ಹತ್ತು ಮೀಟರು ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು. ಅಲ್ಲಿಂದ ಮೀನನ್ನು ಸರಕ್ಕನೆ ಮೇಲೆ ತಂದರೆ ಅದರ ಗಾಳಿಚೀಲ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಇದು ಪಠ್ಯಪುಸ್ತಕದ ಬಾಯ್ಲ್‌ನ ನಿಯಮ. 1998ರಲ್ಲಿ ಎಲ್ ನಿನೊ ಪ್ರಭಾವದಿಂದ ಸಮುದ್ರ ಬಿಸಿಯಾಗಿ ಹಿಕ್ಕಡುವದಂಥ ಕಡಲತೀರಗಳ ಹವಳ ಬೆಳ್ಳಗಾಗಿ ಸತ್ತದ್ದೂ ಉಂಟು. ಮನೆಯಿಲ್ಲದ ಮೇಲೆ ಮೀನೆಲ್ಲಿ?

ಈ ಮಾತು ಲಂಕೆಗೆ ಮಾತ್ರ ಅನ್ವಯಿಸುವುದಲ್ಲ. ಜೀವವೈವಿಧ್ಯದ ಲೆಕ್ಕದಲ್ಲಿ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಒಂದೇ ಮನೆತನ. ಕೇರಳ ಕರ್ನಾಟಕಗಳ ಘಟ್ಟದ ಹೊಳೆಗಳಲ್ಲಿ ಡೆನಿಸನ್ ಬಾರ್ಬ್ ಎಂಬ ಮೀನಿದೆ. ಮೈಯುದ್ದಕ್ಕೆ ಕಪ್ಪು ಗೆರೆ, ಅದರ ಮೇಲೆ ಮೂತಿಯಿಂದ ಹೊರಟ ಕೆಂಪು ಗೆರೆ. ವ್ಯಾಪಾರದಲ್ಲಿ ಅದರ ಹೆಸರು ‘ಮಿಸ್ ಕೇರಳ’. ಆ ಚೆಲುವೇ ಅದಕ್ಕೆ ಮುಳುವಾಯಿತು. ಹೊಳೆಯಿಂದ ಹಿಡಿದು ಹಿಡಿದು ಸಾಗಿಸಿದ್ದರಿಂದ ಅದೀಗ ಅಳಿವಿನ ಅಂಚಿನ ಮೀನುಗಳ ಪಟ್ಟಿಯಲ್ಲಿದೆ. ಅದನ್ನು ತೊಟ್ಟಿಯಲ್ಲಿ ಮರಿ ಮಾಡಿಸುವ ವಿದ್ಯೆ ಈಗ ಕೈಗೂಡಿದೆ. ಹಿತ್ತಲ ತೊಟ್ಟಿಯಲ್ಲಿ ಹುಟ್ಟಿದ ಒಂದು ಮೀನು ಹೊಳೆಯಲ್ಲಿ ಒಂದು ಮೀನನ್ನು ಉಳಿಸಬಲ್ಲದು.

ತೊಟ್ಟಿಯ ಮೀನು ಹೊಳೆ ಸೇರಿದರೂ ಆಪತ್ತೇ. ಆಗ್ನೇಯ ಏಷ್ಯಾದಿಂದ ಅಲಂಕಾರಕ್ಕೆಂದು ತರಿಸಿದ ಚೂರಿಮೀನು ತಪ್ಪಿಸಿಕೊಂಡು ಲಂಕೆಯ ಜಲಾಶಯಗಳಲ್ಲಿ ಬೇರೂರಿ, ಅಲ್ಲಿನ ಸಣ್ಣ ಮೀನುಗಳನ್ನು ತಿನ್ನುತ್ತಿದೆ. ತೊಟ್ಟಿಯ ಗಾಜಿನ ಪಾಚಿ ನೆಕ್ಕಲೆಂದು ಸಾಕುವ ದಕ್ಷಿಣ ಅಮೆರಿಕದ ಹೀರುಬಾಯಿ ಮೀನು ದಕ್ಷಿಣ ಭಾರತದ ಹಲವು ಕೆರೆ ಹೊಳೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ಸಾಕಲಾಗದ ಮೀನನ್ನು ‘ಪಾಪ, ಬದುಕಿಕೊಳ್ಳಲಿ’ ಎಂದು ಕೆರೆಗೆ ಬಿಡುವ ಮಕ್ಕಳ ದಯೆಯನ್ನು ತಂದೆತಾಯಿ ಮೆಚ್ಚಬೇಕು, ಆದರೆ ಆ ಕೆಲಸವನ್ನು ತಡೆಯಬೇಕು. ಅಂಗಡಿಯವರಿಗೆ ಹಿಂದಿರುಗಿಸುವುದೋ, ಸಾಕುವ ಗೆಳೆಯನಿಗೆ ಕೊಡುವುದೋ ಸರಿಯಾದ ದಾರಿ.

ಗಂಪಹದ ಆ ಹುಡುಗನ ಮುಂದೂಡಿದ ಪರೀಕ್ಷೆ ಕೊನೆಗೂ ನಡೆಯಿತು. ಅದರಲ್ಲಿ ಗಪ್ಪಿಯ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಪಾತ್ರೆಯಲ್ಲಿ ರಾತ್ರಿ ಕಳೆದ ಹನ್ನೆರಡು ಹೆಣ್ಣುಗಳು ಒಂದೆರಡು ತಿಂಗಳಲ್ಲಿ ಮರಿ ಹಾಕಿದವು. ಮರಿಗಳು ಬಣ್ಣ ಕಟ್ಟುವ ಹೊತ್ತಿಗೆ ಹುಡುಗ ದಿನಾ ಬೆಳಿಗ್ಗೆ ಬಿಳಿ ತಟ್ಟೆ ಹಿಡಿದು ತೊಟ್ಟಿಯ ಬಳಿ ಕೂರುತ್ತಿದ್ದ. ಒಂದು ದಿನ ಅಮ್ಮನನ್ನು ಕೂಗಿ ಕರೆದ. ಅವಳು ಗಾಬರಿಯಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

‘ಏನಿಲ್ಲ ಅಮ್ಮಾ, ಎಲ್ಲ ಕೆಂಪೇ ಇವೆ’ ಎಂದ.